ದಿನದ ದುಡಿಮೆ ದೇವಾರಾಧನೆ ಆಗುವುದು ಯಾವಾಗ?

ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಕಡೆ ಹೋದವರಿಗೆ ಗೊತ್ತು, ಆ ಸೀಮೆಗೆ ಆಗ ರಾತ್ರಿ ಎಂಬುದೇ ಇರುವುದಿಲ್ಲ. ಹೊಲಗಳಲ್ಲಿ ಬೆಳಗಿನ ಜಾವವೇ ಕಟಾವಿನ ಗ್ಯಾಂಗಿನವರು ಇಳಿದಿರುತ್ತಾರೆ. ಹೇರು ತುಂಬಿದ ಟ್ರ್ಯಾಕ್ಟರುಗಳು ಏದುಸಿರು ಬಿಡುತ್ತಾ ಬೆಳಗಾವಿ–ಧಾರವಾಡ ಹೆದ್ದಾರಿಗೆ ಬರುತ್ತವೆ. ಕಡಿದ ಕಬ್ಬು ಕಾಯುವುದಿಲ್ಲ. ಒಂದು ದಿನ ತಡವಾದರೆ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಆದ್ದರಿಂದ ಕಬ್ಬು ನುರಿಸುವ ಕಾಲದಲ್ಲಿ ಕಾರ್ಖಾನೆಯ ಗಾಣಕ್ಕೆ ಭಾನುವಾರವಿಲ್ಲ, ಬಾಯ್ಲರಿಗೆ ಹಬ್ಬವಿಲ್ಲ. ಮೂರು ಪಾಳಿಯ ಜನ ಬಂದು ಹೋಗುತ್ತಲೇ ಇರುತ್ತಾರೆ.

ಅಂಥ ಒಂದು ಹಂಗಾಮಿನ ಸಂಜೆ ನಮ್ಮ ಕಿರು ಸಮುದಾಯದ ಕೂಟಕ್ಕೆಂದು ಆ ಭಾಗದ ಒಂದು ಹಳ್ಳಿಗೆ ಹೋಗಿದ್ದೆ. ಕೂಟ ಮುಗಿದ ಮೇಲೆ, ಕೂಟಕ್ಕೆ ಬಾರದಿದ್ದ ಒಬ್ಬ ತಾಯಿಯನ್ನು ಕಂಡು ಬರೋಣವೆಂದು ಅವರ ಮನೆಗೆ ಹೋದೆವು. ಗಂಡ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರು. ಹಂಗಾಮಿನಲ್ಲಿ ಮನೆಗೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಅತ್ತೆಗೆ ಲಕ್ವಾ ಹೊಡೆದು ಮೂರು ವರ್ಷ. ಈ ತಾಯಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯಬೇಕು, ಎರಡು ಎಮ್ಮೆಯ ಹಾಲು ಕರೆದು ಡೇರಿಗೆ ಹಾಕಬೇಕು, ಮಕ್ಕಳನ್ನು ಶಾಲೆಗೆ ಕಳಿಸಬೇಕು. ಇದೆಲ್ಲದರ ನಡುವೆ ಎರಡು ತಾಸಿಗೊಮ್ಮೆ ಅತ್ತೆಯ ಮಗ್ಗಲು ಬದಲಿಸಬೇಕು. ಹಾಗೆ ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆಂದು ನರ್ಸು ಹೇಳಿಕೊಟ್ಟಿದ್ದರಂತೆ. ರಾತ್ರಿಯೂ ಅಷ್ಟೇ. ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ.

ಚಹಾ ಕೊಡುತ್ತಾ ಅವರು ಕೇಳಿದರು: "ಮಾಸ್ತರ, ನಾ ಪೂಜಿಗೆ ಬರಲಾರದ ಎಂಟ ತಿಂಗಳಾತು. ದೇವರ ಪಟ್ಟಿಯಾಗಿಂದ ನನ್ನ ಹೆಸರ ಹೋಗಿರತೈತೇನ್ರಿ?"

ನಾನು, ಬಾಯಿಗೆ ಸಿದ್ಧವಾಗಿದ್ದ ಮಾತನ್ನೇ ಹೇಳಿದೆ: "ಅತ್ತೆಯ ಸೇವೆಯೇ ನಿಮಗೆ ಪೂಜೆಯಮ್ಮಾ."

ಅವರು ಬಟ್ಟಲು ತೆಗೆದುಕೊಳ್ಳುತ್ತಾ ಹೇಳಿದ್ದು ಇದು: "ಹಂಗಂತ ಎಲ್ಲಾರೂ ಅಂತಾರ್ರಿ. ಅಂದು ಚಾ ಕುಡದ ಹೋಗತಾರ. ಒಂದ ರಾತ್ರಿ ಬಂದ ಕುಂದ್ರಾವರು ಯಾರೂ ಇಲ್ಲ. ಮ್ಯಾಲ ನಾ ಇದನ್ನ ಭಕ್ತಿಲೆ ಏನ ಮಾಡಾಕಹತ್ತಿಲ್ರಿ, ಸಿಟ್ಟಿಲೆ ಮಾಡಾಕಹತ್ತೇನಿ. ಸಿಟ್ಟಿಲೆ ಮಾಡಿದ್ದು ಪೂಜಿ ಆಗತೈತೇನ್ರಿ?"

ನನಗೆ ಉತ್ತರ ಹೊಳೆಯಲಿಲ್ಲ. ಪ್ರಿಯ ವಾಚಕರೇ, ಈ ಲೇಖನ ಆ ತಾಯಿಗೆ ಆ ಸಂಜೆ ಕೊಡಲಾಗದ ಉತ್ತರವನ್ನು ಹುಡುಕುವ ಪ್ರಯತ್ನ.

ದುಡಿಮೆಯೇ ಪ್ರಾರ್ಥನೆ, ಕರ್ತವ್ಯವೇ ಆರಾಧನೆ ಎಂಬ ಮಾತುಗಳನ್ನು ನಾವು ಬಹಳ ಸುಲಭವಾಗಿ ಆಡುತ್ತೇವೆ. ಪ್ರಸಂಗಗಳಲ್ಲಿ ಕೇಳುತ್ತೇವೆ, ಕ್ಯಾಲೆಂಡರಿನ ಮೇಲೆ ಅಚ್ಚು ಹಾಕಿಸುತ್ತೇವೆ. ಮಾತು ಸುಳ್ಳಲ್ಲ. ಇದರ ಬೇರು ಸಂತ ಪೌಲರಲ್ಲಿದೆ. ರೋಮನರಿಗೆ ಬರೆದ ಪತ್ರದ ಮೊದಲ ಹನ್ನೊಂದು ಅಧ್ಯಾಯಗಳಲ್ಲಿ ಅವರು ದೇವರ ಕರುಣೆಯನ್ನು ವಿವರಿಸುತ್ತಾರೆ. ಹನ್ನೆರಡನೆಯ ಅಧ್ಯಾಯಕ್ಕೆ ಬಂದ ಕೂಡಲೇ, ಹಾಗಾದರೆ ನಾವು ಮಾಡಬೇಕಾದ ಆರಾಧನೆ ಯಾವುದು ಎಂಬ ಪ್ರಶ್ನೆಗೆ ತಿರುಗುತ್ತಾರೆ (ರೋಮ 12:1). ಅಲ್ಲಿ ಅವರು ದೇವರಿಗೆ ಅರ್ಪಿಸಿರಿ ಎನ್ನುವುದು ನಮ್ಮ ಶರೀರಗಳನ್ನು, ಜೀವಂತ ಬಲಿಯಾಗಿ. ನಮ್ಮ ಭಾವನೆಗಳನ್ನು ಅರ್ಪಿಸಿರಿ, ನಮ್ಮ ಒಳ್ಳೆಯ ವಿಚಾರಗಳನ್ನು ಅರ್ಪಿಸಿರಿ ಎಂದು ಅವರು ಬರೆಯಲಿಲ್ಲ. ಎದ್ದು ನಡೆಯುವ, ಭಾರ ಹೊರುವ, ದಣಿಯುವ, ನಿದ್ದೆಗೆಡುವ ಈ ಶರೀರವನ್ನೇ ಕೇಳಿದರು.

ಜೆರುಸಲೇಮಿನ ದೇವಾಲಯದಲ್ಲಿ ಬಲಿಯಾಗುತ್ತಿದ್ದ ಕುರಿ ಒಮ್ಮೆ ಪೀಠವನ್ನೇರಿದರೆ ಅದರ ಕೆಲಸ ಮುಗಿಯಿತು. ಜೀವಂತ ಬಲಿಗೆ ಆ ಸೌಲಭ್ಯವಿಲ್ಲ. ಅದು ಇಂದು ಪೀಠವೇರಿ ಸಂಜೆಗೆ ಕೆಳಗಿಳಿಯುತ್ತದೆ, ನಾಳೆ ಬೆಳಿಗ್ಗೆ ಮತ್ತೆ ತಾನಾಗಿಯೇ ಏರಬೇಕು. ಶಿಸ್ತು ಎನ್ನುವುದು ಇದನ್ನೇ. ಒಂದು ದಿನದ ಉತ್ಸಾಹ ಯಾರಿಗೂ ಬರುತ್ತದೆ. ಪಾಸ್ಖದ ರಾತ್ರಿ ಮೇಣದಬತ್ತಿ ಹಿಡಿದು ನಿಂತಾಗ ನಮ್ಮೆಲ್ಲರ ಕಣ್ಣೂ ತೇವವಾಗುತ್ತದೆ. ಮರುವಾರದ ಮಂಗಳವಾರ ಬೆಳಿಗ್ಗೆ, ತಾಸಿಗೆ ಸರಿಯಾಗಿ ಔಷಧ ಕೊಡುವುದಕ್ಕೆ ಕಣ್ಣೀರು ಸಾಲದು.

ನಮ್ಮ ಸ್ವಾಮಿ ಯೇಸುವಿನ ಬಾಳನ್ನೇ ನೋಡೋಣ. ಸಂತ ಲೂಕರ ಪ್ರಕಾರ ಅವರು ಬೋಧನೆಗೆ ತೊಡಗಿದಾಗ ಅವರಿಗೆ ಸುಮಾರು ಮೂವತ್ತು ವರ್ಷ (ಲೂಕ 3:23). ಅದಕ್ಕೂ ಮುಂಚೆ ಊರಿನವರಿಗೆ ಅವರು ಗೊತ್ತಿದ್ದುದು ಬಡಗಿ ಎಂದು ಮಾತ್ರ (ಮಾರ್ಕ 6:3). ಜೋರ್ಡಾನ್ ನದಿಯಲ್ಲಿ ಸ್ನಾನದೀಕ್ಷೆ ಪಡೆದು ಮೇಲೆ ಬಂದಾಗ, ಈತನು ನನ್ನ ಮೆಚ್ಚಿನ ಮಗನೆಂಬ ಅರ್ಥದ ವಾಣಿ ಪರಲೋಕದಿಂದ ಕೇಳಿಸಿತು. ಆ ಹೊತ್ತಿಗೆ ಯೇಸು ಸಾರ್ವಜನಿಕವಾಗಿ ಒಂದು ಪ್ರಸಂಗವನ್ನೂ ಮಾಡಿರಲಿಲ್ಲ, ಒಬ್ಬ ರೋಗಿಯನ್ನೂ ಗುಣಪಡಿಸಿರಲಿಲ್ಲ. ಹಾಗಾದರೆ ತಂದೆ ಮೆಚ್ಚಿದ್ದು ಏನನ್ನು? ಮಗನೆಂಬ ಕಾರಣಕ್ಕೇ ಮೆಚ್ಚಿದರು, ನಿಜ. ಆದರೆ ಆ ಮೆಚ್ಚಿನ ಮಗ ಅದುವರೆಗೆ ಬಾಳಿದ ಬಾಳು ಯಾವುದು? ಮರ ಕೊಯ್ದದ್ದು, ನೊಗ ಕೆತ್ತಿದ್ದು, ಹೇಳಿದ ದಿನಕ್ಕೆ ಕೆಲಸ ಮುಗಿಸಿ ಕೊಟ್ಟದ್ದು, ತಾಯಿಗೆ ನೀರು ತಂದುಕೊಟ್ಟದ್ದು ಇಂಥವೇ ಇದ್ದಿರಬೇಕು. ಶುಭಸಂದೇಶಕಾರರು ಅದನ್ನು ಬರೆಯದೆ ಬಿಟ್ಟರು. ಬರೆಯಲು ವಿಶೇಷವೇನೂ ಇರಲಿಲ್ಲ.

ಎಂ.ಕೆ. ಹುಬ್ಬಳ್ಳಿಯ ನೆಲದಲ್ಲಿ ನಿಂತು ದುಡಿಮೆಯ ಮಾತಾಡುವಾಗ ಇನ್ನೊಂದು ನೆನಪನ್ನು ಬಿಡುವಂತಿಲ್ಲ. ಅಲ್ಲಿ ಮಲಪ್ರಭೆಯ ಹೊಳೆಯ ನಡುವೆ ಬಸವಣ್ಣನವರ ಧರ್ಮಪತ್ನಿ ಗಂಗಾಂಬಿಕೆಯವರ ಐಕ್ಯ ಮಂಟಪವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ಉಳವಿಯ ದಾರಿ ಹಿಡಿದಾಗ ಆ ತಾಯಿ ಇಲ್ಲಿ ಐಕ್ಯರಾದರೆಂದು ನಮ್ಮ ನೆರೆಹೊರೆಯವರು ನಂಬುತ್ತಾರೆ. ಆ ಶರಣರ ಬಳಗದಲ್ಲಿ ಚರ್ಮ ಹದಮಾಡುವವರಿದ್ದರು, ಬಟ್ಟೆ ಒಗೆಯುವವರಿದ್ದರು, ದೋಣಿ ನಡೆಸುವವರಿದ್ದರು. ಪೂಜೆಯ ಹೊತ್ತಿಗಾಗಿ ಕೆಲಸವನ್ನು ಬಿಟ್ಟು ಬರುವುದಕ್ಕಿಂತ ಕೆಲಸವನ್ನೇ ಪೂಜೆಯ ಶುದ್ಧಿಯಿಂದ ಮಾಡಬೇಕೆಂದು ಅವರು ಕಲಿಸಿದರು. ಕಾಯಕ ಎಂಬ ಅವರ ಮಾತು ಇಂದು ನಮ್ಮ ಕ್ರೈಸ್ತ ಮನೆಗಳಲ್ಲೂ ಸಲೀಸಾಗಿ ಓಡಾಡುತ್ತದೆ. ಬೈಲಹೊಂಗಲ ಸೀಮೆಯ ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ಕಾವಿ ತೊಟ್ಟು, ಸಸ್ಯಾಹಾರಿಗಳಾಗಿ, ವಿರಕ್ತ ಮಠದ ರೀತಿಯಲ್ಲಿ ಬಾಳಿ ತೋರಿಸಿದ್ದನ್ನು ನಮ್ಮ ಹಿರಿಯರು ಬಲ್ಲರು. ನೆರೆಯವರಲ್ಲಿ ಒಳ್ಳೆಯದನ್ನು ಕಂಡಾಗ ಅದನ್ನು ಒಳ್ಳೆಯದೆನ್ನಲು ಅವರು ಹಿಂಜರಿಯಲಿಲ್ಲ.

ಶರಣರ ಕಥೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಆಯ್ದಕ್ಕಿ ದಂಪತಿಗಳದ್ದು. ಮಾರಯ್ಯನವರ ಕಾಯಕ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಹೆಂಡತಿ ಲಕ್ಕಮ್ಮ ಸಂತೋಷಪಡಲಿಲ್ಲ. ನಮಗೆ ಬೇಕಾದ್ದಕ್ಕಿಂತ ಹೆಚ್ಚಾದದ್ದು ಆಸೆಯೇ ಹೊರತು ಕಾಯಕವಲ್ಲವೆಂದು, ಅದನ್ನು ತಂದಲ್ಲಿಯೇ ಹಾಕಿ ಬರಲು ಗಂಡನನ್ನು ಹಿಂದಕ್ಕೆ ಕಳಿಸಿದರು. ಇದನ್ನು ನಾನು ಎಷ್ಟೋ ಸಲ ಮಕ್ಕಳಿಗೆ ಹೇಳಿದ್ದೇನೆ. ಅದರಲ್ಲಿ ಶಿಸ್ತಿನ ಒಂದು ಗುಟ್ಟಿದೆ ಎಂದು ಮಾತ್ರ ತಡವಾಗಿ ತಿಳಿಯಿತು. ದೇವರಿಗೆ ಒಪ್ಪುವ ದುಡಿಮೆಯೆಂದರೆ ಮಿತಿಯಿಲ್ಲದ ದುಡಿಮೆ ಎಂದು ನಾವು ತಿಳಿಯುತ್ತೇವೆ. ಲಕ್ಕಮ್ಮನ ಶಿಸ್ತು ಸಾಕು ಎನ್ನುವ ಶಿಸ್ತು.

ಇಷ್ಟು ಹೇಳಿದ ಮೇಲೆ ತೊಡಕುಗಳಿಗೆ ಬರಬೇಕು.

ಮೊದಲನೆಯದು, ದುಡಿಮೆಯನ್ನು ನೆಪಮಾಡಿ ಆರಾಧನೆಯನ್ನು ತಪ್ಪಿಸಿಕೊಳ್ಳುವುದು. "ಹೊಲಾನ ನನ್ನ ಗುಡಿರಿ" ಎನ್ನುವ ಅಣ್ಣಂದಿರು ನಮ್ಮ ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ಹಿಂಗಾರಿ ಬಿತ್ತನೆಯ ಹದ ತಪ್ಪಬಾರದು, ನಿಜ. ಕಬ್ಬಿನ ಪಾಳಿ ಬಿಡಲಾಗದು, ನಿಜ. ಆದರೆ ಹಂಗಾಮು ಮುಗಿದ ಮೇಲೂ ಭಾನುವಾರ ಹೊಲದಲ್ಲೇ ಇರುವವರನ್ನು ಕಂಡಿದ್ದೇನೆ, ಹೊಲದಲ್ಲಿ ಇಲ್ಲದೆ ಸಂತೆಯಲ್ಲಿ ಇರುವವರನ್ನೂ ಕಂಡಿದ್ದೇನೆ. ಧರ್ಮಸಭೆ ಈ ವಿಷಯದಲ್ಲಿ ನಾವು ತಿಳಿದಷ್ಟು ಕಠಿಣವಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆ, ಹಿಂದಿನ ದಿನ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ನೆರವೇರಿದಂತೆಯೇ ಎನ್ನುತ್ತದೆ (ನಿಯಮ 1248). 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥ, ಕಾಯಿಲೆ ಅಥವಾ ಹಸುಗೂಸಿನ ಆರೈಕೆಯಂಥ ಗಂಭೀರ ಕಾರಣವಿದ್ದವರನ್ನು ಈ ಕರ್ತವ್ಯದಿಂದ ಬಿಡುವು ಮಾಡಿದೆ. ಆದ್ದರಿಂದ ಆ ತಾಯಿಯ ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿಯೇ ಇತ್ತು: ಇಲ್ಲಮ್ಮಾ, ನಿಮ್ಮ ಹೆಸರು ಎಲ್ಲಿಯೂ ಹೋಗಿಲ್ಲ. ಮಾಸ್ತರನಾದ ನಾನು ಅದನ್ನಾದರೂ ನೆಟ್ಟಗೆ ಹೇಳಬಹುದಿತ್ತು.

ಆದರೂ ಬಲಿಪೂಜೆ ಬೇಕೇ ಬೇಕು. ಏಕೆಂದರೆ ದುಡಿಮೆ ತಾನಾಗಿಯೇ ಅರ್ಪಣೆಯಾಗುವುದಿಲ್ಲ. ಜೋಳ ಬೆಳೆದರೆ ಸಾಲದು, ಅದನ್ನು ರೊಟ್ಟಿ ಮಾಡಿ ಯಾರಿಗಾದರೂ ನೀಡಬೇಕು. ಎರಡನೆಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್ 21ರಂದು ಪ್ರಕಟಿಸಿದ ಧರ್ಮಸಭೆಯ ಕುರಿತ ಸಂವಿಧಾನದ 34ನೆಯ ಪರಿಚ್ಛೇದದಲ್ಲಿ ಇದನ್ನು ವಿವರಿಸಲಾಗಿದೆ. ಶ್ರೀಸಾಮಾನ್ಯ ವಿಶ್ವಾಸಿಗಳ ಕೆಲಸ, ಪ್ರಾರ್ಥನೆ, ದಾಂಪತ್ಯ, ಸಂಸಾರ, ದಿನದ ದುಡಿಮೆ, ತಾಳ್ಮೆಯಿಂದ ಸಹಿಸಿದ ಕಷ್ಟ, ಇವೆಲ್ಲ ಪವಿತ್ರಾತ್ಮರಲ್ಲಿ ನಡೆದಾಗ ಆಧ್ಯಾತ್ಮಿಕ ಬಲಿಗಳಾಗುತ್ತವೆ, ಬಲಿಪೂಜೆಯಲ್ಲಿ ಸ್ವಾಮಿಯ ಶರೀರದ ಅರ್ಪಣೆಯೊಡನೆ ತಂದೆಗೆ ಸಲ್ಲುತ್ತವೆ ಎಂಬುದು ಅದರ ತಾತ್ಪರ್ಯ. ಗುರುಗಳು ರೊಟ್ಟಿಯ ತಟ್ಟೆಯನ್ನು ಎತ್ತುವಾಗ ಅದರ ಮೇಲೆ ಆ ವಾರದ ನಮ್ಮ ಆರು ದಿನಗಳೂ ಇರುತ್ತವೆ. ಇರಬೇಕು. ಏನನ್ನೂ ಇಡದೆ ಕೈಕಟ್ಟಿ ನಿಂತವರಿಗೂ ಅಂದಿನ ಪೂಜೆ ಮುಗಿದುಹೋಗುತ್ತದೆ, ಅದು ಬೇರೆ ಮಾತು.

ಆ ಪಟ್ಟಿಯಲ್ಲಿ ಇನ್ನೂ ಒಂದು ಇದೆ, ಮೇಲೆ ಬೇಕೆಂದೇ ಬಿಟ್ಟಿದ್ದೇನೆ. ಮನಸ್ಸಿನ ಹಾಗೂ ದೇಹದ ವಿಶ್ರಾಂತಿ. ಅದನ್ನು ಮತ್ತೆ ನೋಡೋಣ.

ದಿನವನ್ನು ಬೆಳಿಗ್ಗೆಯೇ ಅರ್ಪಿಸುವ ಪ್ರಾರ್ಥನೆ ನಮ್ಮಲ್ಲಿ ಹಲವರ ಮನೆಯಲ್ಲಿದೆ. ಅದನ್ನು ಜಗತ್ತಿಗೆಲ್ಲ ಹರಡಿದ ಬಳಗದ ಹುಟ್ಟಿನ ಕಥೆ ಇಲ್ಲಿಗೆ ಒಪ್ಪುತ್ತದೆ. 1844ರಲ್ಲಿ ಫ್ರಾನ್ಸಿನ ವಾಲ್ಸ್ ಎಂಬಲ್ಲಿ ಯೇಸುಸಭೆಯ ಯುವಕರು ಗುರುಪಟ್ಟಕ್ಕೆ ಓದುತ್ತಿದ್ದರು. ಭಾರತದಂಥ ದೂರದ ನಾಡುಗಳಿಗೆ ಹೋಗಿ ಶುಭಸಂದೇಶ ಸಾರುವ ಆತುರದಲ್ಲಿ ಅವರಿಗೆ ಓದು ಬೇಸರವಾಗತೊಡಗಿತ್ತು. ಅವರ ಆತ್ಮಿಕ ಮಾರ್ಗದರ್ಶಕರಾಗಿದ್ದ ಗುರು ಗೋತ್ರೆಲೆ, ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬದಂದು ಅವರಿಗೆ ಕಿವಿಮಾತು ಹೇಳಿದರು: ಈಗಲೇ ಪ್ರೇಷಿತರಾಗಿರಿ, ಈ ಓದನ್ನೇ, ಈ ಬೇಸರವನ್ನೇ ದಿನದಿನವೂ ಅರ್ಪಿಸಿರಿ ಎಂಬ ಅರ್ಥದಲ್ಲಿ. ದೂರದ ದೊಡ್ಡ ಕೆಲಸದ ಕನಸು ಹತ್ತಿರದ ಸಣ್ಣ ಕೆಲಸವನ್ನು ಕೆಡಿಸುವುದು ಅಂದಿಗೂ ಇತ್ತು, ಇಂದಿಗೂ ಇದೆ.

ಎರಡನೆಯ ತೊಡಕು ಮೊದಲನೆಯದರ ತಿರುವು. ಆರಾಧನೆಯನ್ನು ನೆಪಮಾಡಿ ಕರ್ತವ್ಯವನ್ನು ತಪ್ಪಿಸಿಕೊಳ್ಳುವುದು. ಈ ಪುಟವನ್ನು ಓದುವ ನಮ್ಮಂಥವರಿಗೆ ಇದೇ ಹೆಚ್ಚು ಅಪಾಯದ್ದು. ಸಂತ ಮಾರ್ಕರ ಏಳನೆಯ ಅಧ್ಯಾಯದಲ್ಲಿ ಯೇಸು 'ಕೊರ್ಬಾನ್' ಎಂಬ ಪದ್ಧತಿಯನ್ನು ಖಂಡಿಸುತ್ತಾರೆ. ತಂದೆತಾಯಿಗೆ ಕೊಡಬೇಕಾದ ಆಸರೆಯನ್ನು, ಇದು ದೇವರಿಗೆ ಮೀಸಲು ಎಂದು ಹೇಳಿ ನಿಲ್ಲಿಸಿಬಿಡುವುದು ಆ ಪದ್ಧತಿ. ಕಾಣಿಕೆ ದೇವರ ಹೆಸರಿನಲ್ಲಿ, ಹಸಿವು ತಾಯಿಯ ಹೊಟ್ಟೆಯಲ್ಲಿ. ಯೇಸು ಇದನ್ನು ಭಕ್ತಿಯೆಂದು ಒಪ್ಪಲಿಲ್ಲ.

ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ. ನನ್ನ ತಂದೆ ಕೊನೆಯ ಒಂದು ವರ್ಷ ಹಾಸಿಗೆ ಹಿಡಿದಿದ್ದಾಗ ನಾನು ಗಾಯನ ಮಂಡಳಿಯಲ್ಲಿದ್ದೆ, ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿದ್ದೆ, ಹಬ್ಬದ ಸಮಿತಿಯಲ್ಲಿದ್ದೆ. ವಾರಕ್ಕೆ ಮೂರು ಸಂಜೆ ಮನೆಯಲ್ಲಿ ಇರುತ್ತಿರಲಿಲ್ಲ. ಅಪ್ಪನ ಮೈ ಒರೆಸಿದವಳು, ಉಚ್ಚೆಬಟ್ಟೆ ತೊಳೆದವಳು ನನ್ನ ಹೆಂಡತಿ. ಒಮ್ಮೆಯೂ ಆಕೆ ಆಕ್ಷೇಪಿಸಲಿಲ್ಲ. ಆಕೆಯ ಮೌನವನ್ನು ನಾನು ಒಪ್ಪಿಗೆಯೆಂದು ತಿಳಿದೆ, ಅದೂ ಒಂದು ಅನುಕೂಲದ ತಿಳುವಳಿಕೆ. ಅಪ್ಪನ ಮರಣದ ದಿನ ಎಲ್ಲರೂ ನನ್ನ ಭಕ್ತಿಯನ್ನು ಹೊಗಳಿದರು.

ಇನ್ನು ಆ ತಾಯಿಯ ಎರಡನೆಯ ಪ್ರಶ್ನೆ. ಸಿಟ್ಟಿನಿಂದ ಮಾಡಿದ್ದು ಪೂಜೆಯಾಗುತ್ತದೆಯೇ?

ಇದಕ್ಕೆ ಸ್ವಾಮಿ ಯೇಸುವೇ ಒಂದು ಸಾಮತಿ ಹೇಳಿದ್ದಾರೆ (ಮತ್ತಾಯ 21:28-31). ತಂದೆಯೊಬ್ಬ ತನ್ನ ಇಬ್ಬರು ಮಕ್ಕಳಿಗೂ ದ್ರಾಕ್ಷಿತೋಟಕ್ಕೆ ಹೋಗಿ ಕೆಲಸ ಮಾಡಿರೆಂದ. ಒಬ್ಬ ಒಲ್ಲೆನೆಂದ, ಆದರೆ ಆಮೇಲೆ ಮನಸ್ಸು ತಿರುಗಿ ಹೋದ. ಇನ್ನೊಬ್ಬ ಹೋಗುತ್ತೇನಪ್ಪಾ ಎಂದು ವಿನಯದಿಂದ ಹೇಳಿ ಹೋಗಲೇ ಇಲ್ಲ. ತಂದೆಯ ಚಿತ್ತವನ್ನು ನೆರವೇರಿಸಿದವನು ಯಾರು? ಉತ್ತರ ಎಲ್ಲರಿಗೂ ಗೊತ್ತು. ತೋಟಕ್ಕೆ ಹೋದ ಆ ಮಗ ನಗುತ್ತಾ ಹೋದನೆಂದು ಯೇಸು ಹೇಳಲಿಲ್ಲ. ದಾರಿಯುದ್ದಕ್ಕೂ ಗೊಣಗಿರಬಹುದು. ಸಂಜೆಯವರೆಗೆ ಮುಖ ಊದಿಸಿಕೊಂಡೇ ಅಗೆದಿರಬಹುದು. ಆದರೆ ಅಗೆದ.

ಭಕ್ತಿಯ ಭಾವನೆ ದೇವರ ವರ. ಅದು ಮಳೆಯ ಹಾಗೆ ಬಂದಾಗ ಬರುತ್ತದೆ, ಬಾರದಾಗ ಬಾರದು. ನಮ್ಮ ಕೈಯಲ್ಲಿರುವುದು ಮಗ್ಗಲು ಬದಲಿಸಲು ಮೂರು ಗಂಟೆಗೆ ಏಳುವುದು. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿ ಲಾರೆನ್ಸ್ ಎಂಬ ಸಹೋದರರಿದ್ದರು. ಸೈನಿಕರಾಗಿದ್ದು ಕಾಲಿಗೆ ಪೆಟ್ಟಾಗಿದ್ದವರು. ಮಠದ ಅಡುಗೆಮನೆಯಲ್ಲಿ ಪಾತ್ರೆಪಡಗಗಳ ನಡುವೆ ದೇವರ ಸನ್ನಿಧಿಯನ್ನು ಕಂಡವರೆಂದು ಅವರು ಪ್ರಸಿದ್ಧರು. ಅಡುಗೆಯ ಕೆಲಸ ಅವರಿಗೆ ಸ್ವಭಾವತಃ ಹಿಡಿಸುತ್ತಲೇ ಇರಲಿಲ್ಲ ಎಂಬುದನ್ನು ಮಾತ್ರ ನಾವು ಮರೆತುಬಿಡುತ್ತೇವೆ. ಹಿಡಿಸದ ಆ ಕೆಲಸವನ್ನು ಹದಿನೈದು ವರ್ಷ ಮಾಡಿದರು. 1897ರಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿಗೆ ತೀರಿಕೊಂಡ ಬಾಲಯೇಸುವಿನ ಸಂತ ತೆರೇಸಮ್ಮನವರಿಗೆ ಮಠದ ಒಬ್ಬ ಸಹೋದರಿಯ ನಡೆ ನುಡಿ ಯಾವುದೂ ಸಹಿಸುತ್ತಿರಲಿಲ್ಲ. ಆಕೆಯನ್ನು ಕಂಡಾಗಲೆಲ್ಲ ನಗುಮುಖ ತೋರಿಸುವುದನ್ನೇ ಅವರು ವ್ರತವಾಗಿ ಹಿಡಿದರು. ನನ್ನಲ್ಲಿ ನಿಮಗೆ ಅಷ್ಟು ಇಷ್ಟವಾದದ್ದು ಏನೆಂದು ಆ ಸಹೋದರಿಯೇ ಕೇಳುವಷ್ಟರ ಮಟ್ಟಿಗೆ. ಅದೇ ತೆರೇಸಮ್ಮ ಪ್ರಾರ್ಥನೆಯ ಹೊತ್ತಿನಲ್ಲಿ ನಿದ್ದೆ ಹೋಗುತ್ತಿದ್ದರು, ಪರಮಪ್ರಸಾದ ಸ್ವೀಕರಿಸಿದ ನಂತರದ ವಂದನಾರ್ಪಣೆಯಲ್ಲೂ. ಮಕ್ಕಳು ಎಚ್ಚರವಿದ್ದಾಗಲೂ ಮಲಗಿದಾಗಲೂ ತಾಯ್ತಂದೆಗಳಿಗೆ ಒಂದೇ ಪ್ರೀತಿಯಲ್ಲವೇ ಎಂದು ಸಮಾಧಾನ ಮಾಡಿಕೊಂಡರು. ಅಂಥವರನ್ನು ಧರ್ಮಸಭೆ 1997ರಲ್ಲಿ ಧರ್ಮಸಭೆಯ ಮಹಾಪಂಡಿತರ ಸಾಲಿಗೆ ಸೇರಿಸಿತು.

ಹಾಗೆಂದು ಸಿಟ್ಟು ಒಳ್ಳೆಯದೆಂದಲ್ಲ. ಸಿಟ್ಟು ರೋಗಿಯ ಮೇಲೆ ತಿರುಗಿದರೆ, ಕೈ ಒರಟಾದರೆ, ಮಾತು ಚುಚ್ಚಿದರೆ ಅದು ಪಾಪವೇ. ಆ ತಾಯಿಯ ಸಿಟ್ಟು ಅತ್ತೆಯ ಮೇಲೆ ತಿರುಗಿರಲಿಲ್ಲ. ಮುದುಕಿಯ ಬೆನ್ನಿನಲ್ಲಿ ಒಂದು ಹುಣ್ಣೂ ಇರಲಿಲ್ಲ, ನಾನೇ ಕಂಡೆ. ಮೂರು ವರ್ಷ ಮಲಗಿದವರ ಬೆನ್ನಿನಲ್ಲಿ ಹುಣ್ಣಿಲ್ಲವೆಂದರೆ ಆ ಮನೆಯಲ್ಲಿ ಎಷ್ಟು ರಾತ್ರಿಗಳು ಹೇಗೆ ಕಳೆದಿವೆ ಎಂಬುದನ್ನು ಬಲ್ಲವರೇ ಬಲ್ಲರು.

ಸಂತ ಬೆನೆಡಿಕ್ಟರು ಆರನೆಯ ಶತಮಾನದಲ್ಲಿ ತಮ್ಮ ಸನ್ಯಾಸಿಗಳಿಗೆ ಬರೆದ ನಿಯಮದಲ್ಲಿ ಹಗಲು ಏಳು ಸಲ, ರಾತ್ರಿ ಒಂದು ಸಲ ಪ್ರಾರ್ಥನೆಗೆ ಸೇರುವ ವೇಳೆಗಳನ್ನು ಗೊತ್ತುಮಾಡಿದರು. ಗಂಟೆ ಬಾರಿಸಿದರೆ ಸಾಕು, ನಿದ್ದೆಯಿರಲಿ ಕೆಲಸವಿರಲಿ ಬಿಟ್ಟು ಬರಬೇಕು. ಅದೇ ನಿಯಮದಲ್ಲಿ ಮಠದ ಗುದ್ದಲಿ, ಪಾತ್ರೆಗಳನ್ನು ಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕೆಂದೂ, ಎಲ್ಲಕ್ಕಿಂತ ಮೊದಲು ರೋಗಿಗಳನ್ನು ಕ್ರಿಸ್ತರೆಂದೇ ತಿಳಿದು ಸೇವಿಸಬೇಕೆಂದೂ ಬರೆದರು. ಎಂ.ಕೆ. ಹುಬ್ಬಳ್ಳಿಯ ಹತ್ತಿರದ ಆ ಮನೆಯಲ್ಲಿ ಗಂಟೆ ಬಾರಿಸುವವರು ಯಾರೂ ಇಲ್ಲ. ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ ಆ ತಾಯಿ ತಾವೇ ಏಳುತ್ತಾರೆ. ಬೆನೆಡಿಕ್ಟರು ಅವರನ್ನು ತಮ್ಮವರೆಂದು ಗುರುತಿಸುತ್ತಿದ್ದರೆಂದು ನನಗೆ ತೋರುತ್ತದೆ.

ಆದರೆ ಬೆನೆಡಿಕ್ಟರ ಮಠದಲ್ಲಿ ಸನ್ಯಾಸಿ ಒಬ್ಬನೇ ಇರಲಿಲ್ಲ. ಅಡುಗೆಯ ಸರದಿ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಇಲ್ಲಿದೆ ನೋಡಿ, ನಾವು ಯಾರೂ ಮುಟ್ಟದ ತೊಡಕು. ಶಿಸ್ತು, ತ್ಯಾಗ, ಬದ್ಧತೆ ಎಂದು ಹೊಗಳುವಾಗ ಆ ಹೊಗಳಿಕೆ ಯಾರಿಗೆ ಲಾಭ? ಇನ್ನೊಬ್ಬರ ತ್ಯಾಗವನ್ನು ಪೂಜೆಯೆಂದು ಕರೆದರೆ ನಮಗೆ ಅದರಲ್ಲಿ ಕೈಹಾಕುವ ಕೆಲಸ ತಪ್ಪುತ್ತದೆ. ಅಮ್ಮನ ಅಡುಗೆಮನೆ ದೇವಾಲಯ ಎಂದು ಕವಿತೆ ಓದುವ ಮಗ ತನ್ನ ತಟ್ಟೆಯನ್ನು ತೊಳೆದಿಡುವುದಿಲ್ಲ. ಕೆಲಸವೇ ಆರಾಧನೆ ಎಂಬ ಫಲಕವನ್ನು ಗೋಡೆಗೆ ಹಾಕಿದ ಯಜಮಾನ ಆಳುಗಳ ಕೂಲಿಯನ್ನು ಹಂಗಾಮಿನ ಕೊನೆಯವರೆಗೆ ತಡೆಹಿಡಿಯುತ್ತಾನೆ. ನಾನು ಆ ಸಂಜೆ ಹೇಳಿದ ಮಾತೂ ಇದೇ ಜಾತಿಯದು. ಮಾತು ಸತ್ಯವಾಗಿತ್ತು. ಆದರೆ ಅದನ್ನು ಹೇಳುವ ಅಧಿಕಾರ ನನಗಿರಲಿಲ್ಲ.

ಸಬ್ಬತ್ ದಿನದ ಆಜ್ಞೆಯನ್ನು ಧರ್ಮೋಪದೇಶಕಾಂಡದಲ್ಲಿ ಓದಿ ನೋಡಿ (5:12-15). ವಿಶ್ರಾಂತಿ ನಿನಗೆ ಮಾತ್ರವಲ್ಲ. ನಿನ್ನ ಮಗ, ಮಗಳು, ಆಳು, ದಾಸಿ, ಎತ್ತು, ಕತ್ತೆ, ನಿನ್ನ ಊರಲ್ಲಿರುವ ಪರದೇಶಿ, ಎಲ್ಲರಿಗೂ ಎಂದು ಒಬ್ಬೊಬ್ಬರನ್ನೇ ಹೆಸರಿಸುತ್ತದೆ. ನಿನ್ನಂತೆಯೇ ಅವರೂ ವಿಶ್ರಮಿಸಬೇಕೆಂಬುದೇ ಅಲ್ಲಿ ಕೊಟ್ಟ ಕಾರಣ. ನಮ್ಮ ಉತ್ತರ ಕರ್ನಾಟಕದ ರೈತರು ಸೋಮವಾರ ಎತ್ತುಗಳನ್ನು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಎಂಥ ಬಿತ್ತನೆಯ ಹದವಿದ್ದರೂ ನೊಗವನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿಬಿಡುವ ಹಿರಿಯರನ್ನು ನಾನು ಬಲ್ಲೆ. ಸಬ್ಬತ್ತಿನ ಆ ಆಜ್ಞೆಯನ್ನು ಅವರು ಎಂದೂ ಓದಿದವರಲ್ಲ. ಎತ್ತಿನ ದಣಿವನ್ನು ಅರಿತು ಅದಕ್ಕೆ ವಾರದಲ್ಲಿ ಒಂದು ದಿನ ಕೊಟ್ಟ ನಾಡು ಇದು. ಅದೇ ಮನೆಯ ಸೊಸೆಗೆ ಯಾವ ವಾರ?

ಈ ಪ್ರಶ್ನೆಯನ್ನು ನಮ್ಮ ಮುಂದಿನ ಕೂಟದಲ್ಲಿ ಎತ್ತಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಒಬ್ಬ ವಯಸ್ಸಾದ ವಿಧವೆ, ನಮ್ಮೆಲ್ಲರಿಗಿಂತ ಬಡವರು, "ಶನಿವಾರ ಸಂಜಿ ನಾ ಹೋಗಿ ಕುಂದರತೇನಿ, ಆಕಿ ಪೂಜಿಗಿ ಹೋಗಿ ಬರಲಿ. ನನಗ ಹೆಂಗೂ ರಾತ್ರಿ ನಿದ್ದಿ ಬರೂದಿಲ್ಲ" ಎಂದರು. ಅವರ ಹಿಂದೆ ಇನ್ನಿಬ್ಬರು ಒಪ್ಪಿದರು. ಮಗ್ಗಲು ಬದಲಿಸುವುದನ್ನು ಕಲಿಯಲು ಅವರು ಎರಡು ದಿನ ಮುಂಚಿತವಾಗಿಯೇ ಹೋದರು. ಅದಕ್ಕೂ ಒಂದು ಕ್ರಮವಿದೆ. ಹೆಗಲು ಮತ್ತು ಸೊಂಟವನ್ನು ಒಟ್ಟಿಗೆ ಹಿಡಿದು ಹೊರಳಿಸಬೇಕು, ಎಳೆಯಬಾರದು, ಎಳೆದರೆ ಚರ್ಮ ಸುಲಿಯುತ್ತದೆ. ಎರಡು ಮೊಣಕಾಲುಗಳ ನಡುವೆ ಮಡಿಸಿದ ಬಟ್ಟೆ ಇಡಬೇಕು. ನನ್ನ ಹೆಂಡತಿ ಅವರಿಗೆ ಹೇಳಿಕೊಟ್ಟಳು. ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗಂಡನ ವಿಷಯವನ್ನೂ ಹೇಳಬೇಕು. ಶನಿವಾರದ ಖೇಪು ಮುಗಿಸಿ ಎಂಟಕ್ಕೆ ಮನೆಗೆ ಬಂದ ಅವರು, ಹೆಂಡತಿ ಇಲ್ಲದೆ ಪರಕೀಯ ಹೆಂಗಸೊಬ್ಬರು ತಾಯಿಗೆ ಗಂಜಿ ಕುಡಿಸುತ್ತಿರುವುದನ್ನು ಕಂಡು ನಾಚಿಕೊಂಡರಂತೆ. ಅಂದಿನಿಂದ ಅವರು ಮನೆಯಲ್ಲಿದ್ದ ರಾತ್ರಿ ಒಂದು ಗಂಟೆಯ ಸರದಿ ಅವರದು. ಹನ್ನೊಂದು ಮತ್ತು ಮೂರು ಇನ್ನೂ ಆ ತಾಯಿಯದ್ದೇ.

ಎಂಟು ತಿಂಗಳ ನಂತರ ಆ ಶನಿವಾರ ಸಂಜೆ ಅವರು ಪೂಜೆಗೆ ಬಂದರು. ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕದಲ್ಲಿ ಕುಳಿತರು. ಮೊದಲ ವಾಚನ ಮುಗಿಯುವುದರೊಳಗೆ ತಲೆ ಕಂಬಕ್ಕೆ ಒರಗಿತು. ಶುಭಸಂದೇಶಕ್ಕೆ ಎಲ್ಲರೂ ಎದ್ದು ನಿಂತಾಗಲೂ ಅವರು ಏಳಲಿಲ್ಲ, ಪ್ರಸಂಗದುದ್ದಕ್ಕೂ ಗಾಢ ನಿದ್ದೆ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಎಬ್ಬಿಸಲು ಕೈಚಾಚಿದಳು. ನನ್ನ ಹೆಂಡತಿ ಆ ಕೈಯನ್ನು ಮೆಲ್ಲನೆ ಹಿಡಿದು ಬೇಡವೆಂದಳು. ಕಾಣಿಕೆಯ ಗೀತೆ ಶುರುವಾದಾಗ ಅವರಿಗೆ ತಾನಾಗಿಯೇ ಎಚ್ಚರವಾಯಿತು. ಗೋಡೆಯ ಗಡಿಯಾರವನ್ನು ನೋಡಿದರು, ಏಳಕ್ಕೆ ಇನ್ನೂ ಐದು ನಿಮಿಷವಿತ್ತು. ಸೆರಗು ಸರಿಪಡಿಸಿಕೊಂಡು ಎದ್ದು ನಿಂತರು.